ರಸ್ತೆ ಇಲ್ಲದ ಊರಿನ ಜಪಾನೀ ಹೋಟೆಲು

ಅಮೆರಿಕದ ಭೂಪಟವನ್ನು ಹರವಿ, ಎಡಗಡೆಯ ಮೇಲ್ತುದಿಯಲ್ಲಿ ಸಂಸಾರದಿಂದ ಬೇರೆಯಾದವರಂತೆ ಕುಳಿತಿರುವ ಅಲಾಸ್ಕಾದ ಮೇಲೆ ಬೆರಳಿಟ್ಟು, ಇನ್ನು ಮುಂದಕ್ಕೆ ನೆಲವೇ ಇಲ್ಲ ಎನ್ನುವ ತನಕ ಉತ್ತರಕ್ಕೆ ಸರಿಸಿದರೆ ಒಂದು ಊರು ಸಿಗುತ್ತದೆ. ಅದರ ಹೆಸರು ಉತ್ಕಿಯಾಗ್ವಿಕ್. ಮನೆಯಲ್ಲಿರುವುದು ಹಳೆಯ ಅಟ್ಲಾಸು ಆದರೆ ಅಲ್ಲಿ ‘ಬ್ಯಾರೋ’ ಎಂದು ಬರೆದಿರುತ್ತದೆ. ಬ್ರಿಟಿಷ್ ಅಧಿಕಾರಿಯೊಬ್ಬನ ನೆನಪಿಗೆ ಇಟ್ಟಿದ್ದ ಆ ಹೆಸರು ಬೇಡವೆಂದು 2016ರ ಅಕ್ಟೋಬರಿನಲ್ಲಿ ಊರವರು ಮತ ಹಾಕಿದರು. ಪರವಾಗಿ ಬಿದ್ದದ್ದು 381 ಮತ, ವಿರೋಧವಾಗಿ 375. ಬರೇ ಆರು ಮತಗಳ ಅಂತರದಲ್ಲಿ ಅಜ್ಜಂದಿರ ಕಾಲದ ಹೆಸರು ಮರಳಿ ಬಂತು. ಅದೇ ವರ್ಷದ ಡಿಸೆಂಬರ್ 1ರಿಂದ ಅದು ಅಧಿಕೃತ.

ಊರು ಇರುವುದು ಉತ್ತರ ಅಕ್ಷಾಂಶ 71 ಡಿಗ್ರಿಯ ಮೇಲೆ, ಆರ್ಕ್ಟಿಕ್ ವೃತ್ತಕ್ಕಿಂತ ಐನೂರು ಕಿಲೋಮೀಟರು ಉತ್ತರಕ್ಕೆ. 2020ರ ಜನಗಣತಿಯಲ್ಲಿ ಸಿಕ್ಕ ತಲೆಗಳು 4,927. ಅರ್ಧಕ್ಕಿಂತ ಹೆಚ್ಚು ಮಂದಿ ಇನ್ಯುಪಿಯಾಟ್ ಜನಾಂಗದವರು. ಊರೊಳಗೆ ಜಲ್ಲಿಕಲ್ಲಿನ ರಸ್ತೆಗಳಿವೆ, ಕಾರುಗಳೂ ಓಡಾಡುತ್ತವೆ. ಆದರೆ ಊರು ಬಿಟ್ಟು ಹೊರಗೆ ಹೋಗುವ ರಸ್ತೆ ಒಂದೂ ಇಲ್ಲ! ಬೇಸಿಗೆಯ ಕೊನೆಯಲ್ಲಿ ಸಮುದ್ರದ ಮಂಜುಗಡ್ಡೆ ಸರಿದಾಗ ಸರಕು ಹೊತ್ತ ದೋಣಿ ಬರುತ್ತದೆ. ಉಳಿದಂತೆ ಮನುಷ್ಯರು, ಟಪ್ಪಾಲು, ಔಷಧಿ, ಟೊಮೇಟೊ ಎಲ್ಲವೂ ವಿಮಾನದಲ್ಲಿಯೇ ಬರಬೇಕು. ಆಂಕರೇಜ್ ನಗರದಿಂದ ಹೊರಟರೆ ಸುಮಾರು 1,160 ಕಿಲೋಮೀಟರು.

ನವೆಂಬರ್ 18ರ ಸುಮಾರಿಗೆ ಇಲ್ಲಿ ಸೂರ್ಯ ಮುಳುಗಿದನೆಂದರೆ ಮತ್ತೆ ಮುಖ ತೋರಿಸುವುದು ಜನವರಿ 22-23ಕ್ಕೆ. ಅಲ್ಲಿಯವರೆಗೆ ಮಧ್ಯಾಹ್ನದ ಹೊತ್ತು ದಿಗಂತದಲ್ಲಿ ಒಂದಿಷ್ಟು ನಸುಬೆಳಕು, ಅಷ್ಟೇ. ಅದಕ್ಕೆ ಬಡ್ಡಿ ಸಮೇತ ಪರಿಹಾರವೆಂಬಂತೆ ಮೇ ತಿಂಗಳಿಂದ ಆಗಸ್ಟ್ ಮೊದಲ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಫೆಬ್ರವರಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಸುಮಾರು 25 ಡಿಗ್ರಿ ಕೆಳಗೆ. ಗಾಳಿ ಬೀಸಿದರೆ ಆ ಲೆಕ್ಕವೂ ಉಪಯೋಗಕ್ಕೆ ಬರುವುದಿಲ್ಲ.

ಇಂಥ ಊರಿನಲ್ಲಿ, ಸಮುದ್ರದ ದಂಡೆಗುಂಟ ಸಾಗುವ ಸ್ಟೀವನ್‌ಸನ್ ರಸ್ತೆಯಲ್ಲಿ, ‘ಒಸಾಕಾ’ ಎಂಬ ಜಪಾನೀ ಹೋಟೆಲು! 2010ರ ದಶಕದಲ್ಲಿ ಈ ಊರಿಗೆ ಹೋಗಿಬಂದ ಪ್ರವಾಸಿಗಳ ಬರಹಗಳಲ್ಲಿ ಹಿಮಕರಡಿ, ಸೂರ್ಯನಿಲ್ಲದ ಮಧ್ಯಾಹ್ನ, ದಂಡೆಯಲ್ಲಿ ನಿಲ್ಲಿಸಿರುವ ತಿಮಿಂಗಿಲದ ದವಡೆ ಮೂಳೆಯ ಕಮಾನು — ಇವುಗಳ ಜತೆಗೆ ಒಸಾಕಾದ ಸುಶಿಯೂ ತಪ್ಪದೆ ಬರುತ್ತದೆ. ಭೂಮಿಯ ತುದಿಗೆ ಬಂದು ಜಪಾನೀ ಊಟ ಮಾಡಿದೆವಲ್ಲ ಎಂಬ ಬೆರಗು ಎಲ್ಲರದೂ. ಬೆರಗೇನೋ ಸಹಜವೇ. ಆದರೆ ಆ ತಟ್ಟೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಬೆರಗು ಬೇರೆಯೇ ಕಡೆಗೆ ತಿರುಗುತ್ತದೆ.

ಮೊದಲು ಹೋಟೆಲಿನೊಳಗೆ ಹೋಗೋಣ. ಈ ಊರಿನ ಕಟ್ಟಡಗಳು ನೆಲಕ್ಕೆ ಅಂಟಿಕೊಂಡು ಕೂರುವುದಿಲ್ಲ, ಗೂಟಗಳ ಮೇಲೆ ನಿಲ್ಲುತ್ತವೆ. ಕೆಳಗಿನ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿಯೇ ಇರುವುದರಿಂದ, ಮನೆಯ ಶಾಖ ತಾಗಿ ಅದು ಕರಗಿದರೆ ಮನೆಯೇ ವಾಲುತ್ತದೆ. ಚಳಿ ಒಳಗೆ ನುಗ್ಗದಂತೆ ಎರಡು ಬಾಗಿಲು; ನಡುವಿನ ಪುಟ್ಟ ಕೋಣೆಯಲ್ಲಿ ಬೂಟು ಕೊಡವಿಕೊಳ್ಳಬೇಕು. ಒಳಗೆ ಮಾತ್ರ ಬೆಚ್ಚನೆಯ ಸ್ವಾಗತ. ಊರಿನ ಪಕ್ಕದಲ್ಲೇ ನೈಸರ್ಗಿಕ ಅನಿಲದ ಬಾವಿಗಳಿರುವುದರಿಂದ ಶಾಖಕ್ಕೆ ಇಲ್ಲಿ ಬರವಿಲ್ಲ. ತಿಂಡಿಪಟ್ಟಿ ನೋಡಿದರೆ ಸುಶಿ, ನೂಡಲ್ಸು, ತೆರಿಯಾಕಿಯ ಜತೆಗೆ ಆಮ್ಲೆಟ್ಟು, ಪ್ಯಾನ್‌ಕೇಕು, ಬರ್ಗರುಗಳೂ ಹಾಜರು. ಐದು ಸಾವಿರ ಜನರ ಊರಿನಲ್ಲಿ ಬರೇ ಸುಶಿ ನೆಚ್ಚಿಕೊಂಡು ಅಂಗಡಿ ನಡೆಸುವುದು ಹೇಗೆ? ಈ ಊರಿನಲ್ಲಿ ಏಷ್ಯಾದ ಊಟ ಬಡಿಸುವ ಹೋಟೆಲುಗಳ ಹಿಂದೆ ಹೆಚ್ಚಾಗಿ ಕೊರಿಯಾ ಮೂಲದ ಕುಟುಂಬಗಳ ದುಡಿಮೆಯಿದೆ. ಶಾಲೆ, ಆಸ್ಪತ್ರೆ, ಅಂಗಡಿಗಳಲ್ಲಿ ಫಿಲಿಪ್ಪೀನ್ಸಿನವರು ಕಾಣಸಿಗುತ್ತಾರೆ. ಥಾಯ್ಲೆಂಡಿನವರು ಟ್ಯಾಕ್ಸಿ ಓಡಿಸುತ್ತಾರೆ. ತೆಂಗಿನ ನಾಡಿನವರು ಹಿಮದ ನಾಡಿಗೆ ಬಂದು ನೆಲೆಸಿದ್ದೇಕೆ ಎಂದರೆ ಉತ್ತರ ಸುಲಭ: ಸಂಬಳ ಚೆನ್ನಾಗಿದೆ, ಮಕ್ಕಳನ್ನು ಓದಿಸಬಹುದು.

ಜಪಾನೀ ಊಟವೆಂದರೆ ಜತೆಗೊಂದು ಲೋಟ ಅಕ್ಕಿಯ ಮದ್ಯ ಎಂದು ನಿರೀಕ್ಷಿಸಿ ಬಂದ ಆ ಪ್ರವಾಸಿಗಳಿಗೆ ಇಲ್ಲಿ ನಿರಾಸೆ ಕಾದಿತ್ತು. ಊರಿನಲ್ಲಿ ಮದ್ಯ ಮಾರಾಟ ನಿಷಿದ್ಧವಾಗಿತ್ತು. ಪರವಾನಗಿ ಪಡೆದ ನಿವಾಸಿಗಳು ಹೊರಗಿನಿಂದ ಮಿತಿಯೊಳಗೆ ತರಿಸಿಕೊಳ್ಳಬಹುದಿತ್ತೇ ಹೊರತು ಹೋಟೆಲಿನಲ್ಲಿ ಹನಿ ಸಿಗುತ್ತಿರಲಿಲ್ಲ. ಹಸಿರು ಚಹಾ ಕುಡಿಯಬೇಕಿತ್ತು. ಬೆಲೆಯಂತೂ ಕೇಳುವುದೇ ಬೇಡ. ಸುಮಾರು 3.8 ಲೀಟರಿನ ಒಂದು ಗ್ಯಾಲನ್ ಹಾಲಿಗೆ ಹತ್ತು ಡಾಲರಿನ ಆಸುಪಾಸು ಕೊಡಬೇಕಾದ ಊರಿನಲ್ಲಿ ಮೀನಿಗೆ ಎಷ್ಟು ಕೊಡಬೇಕಾದೀತು ಎಂದು ಓದುಗರೇ ಅಂದಾಜು ಮಾಡಿಕೊಳ್ಳಬಹುದು. ಸಸ್ಯಾಹಾರಿಗಳಿಗೆ ಸೌತೆಕಾಯಿಯ ಸುರುಳಿ ಸಿಕ್ಕೀತು. ಆದರೆ ಬಿಸಿಬಿಸಿ ಮಿಸೋ ಸಾರು ಸೋಯಾದ್ದೇ ತಾನೆ ಎಂದು ನಂಬಿ ಹೀರುವ ಮೊದಲು ವಿಚಾರಿಸುವುದು ಒಳ್ಳೆಯದು. ಅದರ ತಳದ ನೀರನ್ನು ಸಾಮಾನ್ಯವಾಗಿ ಒಣ ಮೀನು ಕುದಿಸಿಯೇ ತೆಗೆದಿರುತ್ತಾರೆ.

ಈಗ ಮೀನಿನ ವಿಷಯ. ದಂಡೆಯ ರಸ್ತೆಯಿಂದ ಹತ್ತು ಹೆಜ್ಜೆ ಆಚೆಗೆ ಚುಕ್ಚಿ ಸಮುದ್ರ. ಆದರೆ ತಟ್ಟೆಯಲ್ಲಿರುವ ಮೀನು ಆ ಸಮುದ್ರದ್ದಲ್ಲ! ಅಲಾಸ್ಕಾದ ಉತ್ತರಕ್ಕಿರುವ ಅಮೆರಿಕದ ಸಮುದ್ರ ಭಾಗದಲ್ಲಿ ವ್ಯಾಪಾರಕ್ಕಾಗಿ ಮೀನು ಹಿಡಿಯುವುದನ್ನು 2009ರಿಂದಲೇ ನಿಷೇಧಿಸಲಾಗಿದೆ. ಮಂಜು ಕರಗುತ್ತಿದೆಯೆಂದು ದೊಡ್ಡ ದೊಡ್ಡ ಹಡಗುಗಳು ಬಲೆ ಹಿಡಿದು ನುಗ್ಗುವ ಮೊದಲೇ, ಅಲ್ಲಿ ಏನಿದೆ ಎಷ್ಟಿದೆ ಎಂಬುದು ತಿಳಿಯಲಿ ಎಂಬ ಎಚ್ಚರಿಕೆ ಅದು. ಹಾಗಾಗಿ ಹೋಟೆಲಿನ ಟ್ಯೂನಾ ಯಾವುದೋ ಬೆಚ್ಚಗಿನ ಸಮುದ್ರದಲ್ಲಿ ಬಲೆಗೆ ಬಿದ್ದು, ಮಂಜಿನ ಪೆಟ್ಟಿಗೆಯಲ್ಲಿ ಕುಳಿತು, ಮಂಜಿನ ನಾಡಿಗೆ ವಿಮಾನದಲ್ಲಿ ಬಂದದ್ದು.

ಹೊರಗಿನವರಿಗೆ ಇಲ್ಲಿ ಸುಶಿ ಸಿಕ್ಕಿದ್ದು ಆಶ್ಚರ್ಯ. ಊರಿನ ಹಿರಿಯರಿಗೆ ಹಸಿ ಮೀನು ತಿನ್ನುವುದರಲ್ಲಿ ಆಶ್ಚರ್ಯದ ಮಾತೇ ಇಲ್ಲ. ನದಿಯ ವೈಟ್‌ಫಿಷ್ ಮೀನನ್ನೋ ಕ್ಯಾರಿಬೂ ಜಿಂಕೆಯ ಮಾಂಸವನ್ನೋ ಹೊರಗಿನ ಚಳಿಯಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿಸಿ, ಚೂಪು ಚೂರಿಯಿಂದ ತೆಳ್ಳಗೆ ಹೆರೆದು, ಬಾಯಲ್ಲಿ ಕರಗುವ ಮೊದಲೇ ತಿನ್ನುವ ತಿಂಡಿಗೆ ಇನ್ಯುಪಿಯಾಟ್ ಮಾತಿನಲ್ಲಿ ಕುವಾಕ್ ಎನ್ನುತ್ತಾರೆ. ಬೋಹೆಡ್ ತಿಮಿಂಗಿಲದ ಕಪ್ಪು ಚರ್ಮ, ಅದಕ್ಕೆ ಅಂಟಿದ ನಸುಗೆಂಪು ಕೊಬ್ಬು ಇವೆರಡನ್ನೂ ಒಟ್ಟಿಗೇ ಚೌಕಚೌಕವಾಗಿ ಕತ್ತರಿಸಿದರೆ ಮಕ್ತಕ್. ಅದನ್ನೂ ಹೆಚ್ಚಾಗಿ ಹಸಿಯಾಗಿಯೇ ತಿನ್ನುವುದು.

ಜಪಾನಿನಲ್ಲೂ ಇದಕ್ಕೊಂದು ದಾಯಾದಿಯಿದೆ. ಉತ್ತರದ ಹೊಕ್ಕೈಡೋ ದ್ವೀಪದ ಮೂಲನಿವಾಸಿಗಳಾದ ಐನು ಜನ ಸಾಲ್ಮನ್ ಮೀನನ್ನು ಹಿಮದಲ್ಲಿ ಹೆಪ್ಪುಗಟ್ಟಿಸಿ, ಅರ್ಧ ಕರಗಿದ ಸ್ಥಿತಿಯಲ್ಲಿ ಕತ್ತರಿಸಿ ತಿನ್ನುತ್ತಿದ್ದರು. ಅದರ ಹೆಸರು ರುಯಿಬೆ; ‘ಕರಗುವ ಊಟ’ ಎಂದು ಅರ್ಥ. ಜಪಾನೀಯರು ಸಾಲ್ಮನ್ ಮೀನನ್ನು ಸುಶಿಯಲ್ಲಿ ಹಸಿಯಾಗಿ ತಿನ್ನತೊಡಗಿದ್ದು ತೀರಾ ಈಚೆಗೆ, 1980ರ ದಶಕದಲ್ಲಿ ನಾರ್ವೆ ದೇಶದವರು ತಮ್ಮ ಸಾಕಿದ ಮೀನನ್ನು ಅಲ್ಲಿ ಮಾರಲು ಹೊರಟ ಮೇಲೆ. ಕಡಲ ಸಾಲ್ಮನ್‌ನಲ್ಲಿ ಹುಳುಗಳಿರುತ್ತವೆ ಎಂಬ ಹೆದರಿಕೆ ಅದಕ್ಕೆ ಮೊದಲು ಇತ್ತು. ಹಾಗಾದರೆ ಐನುಗಳಿಗೆ ಆ ಹೆದರಿಕೆ ಇರಲಿಲ್ಲವೆ?

ಇಲ್ಲಿರುವ ವಿಜ್ಞಾನವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹಸಿಯಾಗಿ ತಿನ್ನುವ ಮೀನನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೀತದಲ್ಲಿ ಏಳು ದಿನ, ಇಲ್ಲವೇ 35 ಡಿಗ್ರಿ ಕೆಳಗೆ ಹದಿನೈದು ಗಂಟೆ ಇಟ್ಟರೆ ಅದರಲ್ಲಿರುವ ಪರೋಪಜೀವಿ ಹುಳುಗಳು ಸಾಯುತ್ತವೆ ಎನ್ನುವುದು ಅಮೆರಿಕದ ಆಹಾರ ಇಲಾಖೆಯ ಲೆಕ್ಕ. ಸುಶಿ ಹೋಟೆಲುಗಳು ಪಾಲಿಸುವುದು ಇಂಥ ಲೆಕ್ಕವನ್ನೇ. ಉತ್ಕಿಯಾಗ್ವಿಕ್‌ನ ಚಳಿಗಾಲದಲ್ಲಿ ಈ ಕೆಲಸಕ್ಕೆ ಯಂತ್ರ ಬೇಕಿಲ್ಲ, ಮೀನನ್ನು ಹೊರಗಿಟ್ಟರಾಯಿತು. ಹಾಗೆಂದು ಕಂಡದ್ದನ್ನೆಲ್ಲ ಹಸಿಯಾಗಿ ತಿನ್ನುವ ಜನರಲ್ಲ ಇವರು. ಹಿಮಕರಡಿಯ ಮಾಂಸವನ್ನು ಚೆನ್ನಾಗಿ ಬೇಯಿಸದೆ ಮುಟ್ಟುವುದಿಲ್ಲ. ಕರಡಿಯಲ್ಲಿರುವ ಟ್ರೈಕಿನೆಲ್ಲಾ ಜಾತಿಯ ಹುಳು ಎಂಥ ಶೀತಕ್ಕೂ ಜಗ್ಗದ್ದು ಎಂಬುದನ್ನು ಸೂಕ್ಷ್ಮದರ್ಶಕ ಹಿಡಿದವರು ಕಂಡುಕೊಂಡದ್ದು ಬಹಳ ತಡವಾಗಿ.

ಇನ್ನೊಂದು ಪ್ರಶ್ನೆ. ಹಣ್ಣು ತರಕಾರಿ ಇಲ್ಲದ ನಾಡಿನಲ್ಲಿ ‘ಸಿ’ ಜೀವಸತ್ವ ಎಲ್ಲಿಂದ? ಅದಿಲ್ಲದೆ ಯೂರೋಪಿನ ನಾವಿಕರು ಒಸಡಿನಲ್ಲಿ ರಕ್ತ ಸೋರಿ, ಹಲ್ಲು ಉದುರಿ, ಸ್ಕರ್ವಿ ರೋಗದಿಂದ ಸಾಲುಸಾಲಾಗಿ ಸತ್ತರು. ಅದೇ ಮಂಜಿನ ದಂಡೆಯಲ್ಲಿ ಇನ್ಯುಪಿಯಾಟರು ಆರೋಗ್ಯವಾಗಿದ್ದರು. ಉತ್ತರ ಮಕ್ತಕ್‌ನ ಕಪ್ಪು ಚರ್ಮದಲ್ಲಿದೆ. ಅದರಲ್ಲಿ ‘ಸಿ’ ಜೀವಸತ್ವ ಒಳ್ಳೆಯ ಪ್ರಮಾಣದಲ್ಲಿದೆ, ಮತ್ತು ಬೇಯಿಸಿದರೆ ಅದರ ಬಹುಪಾಲು ಹಾಳಾಗುತ್ತದೆ. ಹಸಿಯಾಗಿ ತಿನ್ನುವುದು ಅನಾಗರಿಕತೆ ಎಂದು ಮೂಗು ಮುಚ್ಚಿಕೊಂಡವರೇ ಸತ್ತದ್ದು!

ಮೂಗು ಮುಚ್ಚಿಕೊಂಡವರು ಅಷ್ಟಕ್ಕೇ ಬಿಡಲಿಲ್ಲ. ‘ಎಸ್ಕಿಮೋ’ ಎಂದರೆ ‘ಹಸಿ ಮಾಂಸ ತಿನ್ನುವವರು’ ಎಂದು ಎಷ್ಟೋ ಪಠ್ಯಪುಸ್ತಕಗಳು ಮಕ್ಕಳಿಗೆ ಕಲಿಸಿದವು. ಆ ಪದ ಹಿಮದ ಮೇಲೆ ನಡೆಯುವ ಪಾದುಕೆಯ ಬಲೆ ಹೆಣೆಯುವುದಕ್ಕೆ ಸಂಬಂಧಿಸಿದ ಮಾತಿನಿಂದ ಬಂದಿರಬೇಕು ಎಂದು ಭಾಷಾಶಾಸ್ತ್ರಜ್ಞರು ಈಗ ಹೇಳುತ್ತಾರೆ. ಅಷ್ಟರೊಳಗೆ ಗಾಯವಾಗಿಹೋಗಿತ್ತು. ಇಂದು ಬಹಳಷ್ಟು ಜನ ಆ ಹೆಸರಿನಿಂದ ಕರೆಸಿಕೊಳ್ಳಲು ಒಪ್ಪುವುದಿಲ್ಲ. ಅವರ ಮಕ್ಕಳು ಶಾಲೆಯಲ್ಲಿ ಮನೆಮಾತು ಆಡಿದರೆ ಶಿಕ್ಷೆ ಇತ್ತು. ಪ್ರೌಢಶಾಲೆ ಊರಿನಲ್ಲಿ ಇರಲೇ ಇಲ್ಲ. ಮುಂದೆ ಓದಬೇಕೆಂದರೆ ಹದಿಹರೆಯದ ಹುಡುಗ ಹುಡುಗಿಯರು ತಂದೆತಾಯಿಯನ್ನು ಬಿಟ್ಟು ಸಿಟ್ಕಾ ಪಟ್ಟಣದ ಮೌಂಟ್ ಎಜ್‌ಕಂಬ್ ವಸತಿ ಶಾಲೆಗೋ ಇನ್ನೂ ದೂರದ ಆರೆಗಾನ್ ರಾಜ್ಯಕ್ಕೋ ಹೋಗಬೇಕಾಗಿತ್ತು. ಸಿಟ್ಕಾ ಎಂದರೇ ಸಾವಿರದೈನೂರು ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿ ಮನೆಯ ಮಾತೂ ಇಲ್ಲ, ಮನೆಯ ಊಟವೂ ಇಲ್ಲ. ಶರತ್ಕಾಲದ ಬೇಟೆ ನಡೆಯುವಾಗ ಮಕ್ಕಳು ತರಗತಿಯ ಬೆಂಚಿನ ಮೇಲೆ. ದೋಣಿಯಲ್ಲಿ ಕಲಿಯಬೇಕಾದದ್ದನ್ನು ಕಲಿಯುವ ವಯಸ್ಸು ಹಾಗೆಯೇ ದಾಟಿಹೋಯಿತು.

ಪ್ರುಡೋ ಕೊಲ್ಲಿಯಲ್ಲಿ 1968ರಲ್ಲಿ ಎಣ್ಣೆ ಸಿಕ್ಕಿತು. 1972ರಲ್ಲಿ ಇನ್ಯುಪಿಯಾಟರು ತಮ್ಮದೇ ಸ್ಥಳೀಯ ಆಡಳಿತ ಕಟ್ಟಿಕೊಂಡು ಎಣ್ಣೆ ಕಂಪೆನಿಗಳ ಮೇಲೆ ತೆರಿಗೆ ಹಾಕಿದರು. ಅದರ ಮೊದಲ ಮೇಯರ್ ಎಬೆನ್ ಹಾಪ್ಸನ್. ಊರೂರಿಗೆ ಪ್ರೌಢಶಾಲೆ ಬೇಕೆಂದು ನ್ಯಾಯಾಲಯಕ್ಕೆ ಹೋದ ಅಲಾಸ್ಕಾದ ಹಳ್ಳಿ ವಿದ್ಯಾರ್ಥಿಗಳ ಮೊಕದ್ದಮೆಯಲ್ಲಿ 1976ರಲ್ಲಿ ರಾಜ್ಯ ಸರಕಾರವೂ ಮಣಿಯಿತು. ಮೊಕದ್ದಮೆ ಹೂಡಿದವರು ಶಾಲೆಗೆ ಹೋಗುವ ಮಕ್ಕಳು ಎಂಬುದನ್ನು ಮರೆಯಬಾರದು! ಈಗ ಉತ್ಕಿಯಾಗ್ವಿಕ್‌ನಲ್ಲಿ ಪ್ರೌಢಶಾಲೆ ಇದೆ. ಅದರ ಫುಟ್‌ಬಾಲ್ ಮೈದಾನದ ನೀಲಿ ಹಾಸು ವಿಮಾನದಿಂದಲೇ ಕಾಣುತ್ತದೆ. ಇಲಿಸಾಗ್ವಿಕ್ ಎಂಬ ಕಾಲೇಜೂ ಇದೆ. ಮೂಲನಿವಾಸಿಗಳೇ ನಡೆಸುವ ಇಂಥ ಕಾಲೇಜು ಅಲಾಸ್ಕಾದಲ್ಲಿ ಇದೊಂದೇ. ಆ ಹೆಸರಿನ ಅರ್ಥ ‘ಕಲಿಯುವ ಜಾಗ’.

ಮತ್ತೆ ಊಟದ ಮೇಜಿಗೆ ಬರೋಣ. ಹಸಿ ಮೀನು ತಿನ್ನುವವರೆಂದು ಒಂದು ಕಾಲದಲ್ಲಿ ನಗೆಪಾಟಲಿಗೀಡಾದ ಜನರ ಊರಿನಲ್ಲಿ ಹಸಿ ಮೀನಿನ ತುಂಡುಗಳು ಇವತ್ತು ತಿಂಡಿಪಟ್ಟಿಯ ದುಬಾರಿ ಸಾಲಿನಲ್ಲಿವೆ. ನ್ಯೂಯಾರ್ಕಿನಿಂದ ಬಂದವರು ಕಡ್ಡಿಯಲ್ಲಿ ಎತ್ತಿ, ಕಣ್ಣು ಮುಚ್ಚಿ ಸವಿಯುತ್ತಾರೆ. ಆದರೆ ಈ ಊರಿನ ಅತ್ಯಂತ ಬೆಲೆಬಾಳುವ ಊಟ ಆ ತಿಂಡಿಪಟ್ಟಿಯಲ್ಲಿ ಇಲ್ಲ. ಒಸಾಕಾದಲ್ಲಷ್ಟೇ ಅಲ್ಲ, ಯಾವ ಹೋಟೆಲಿನಲ್ಲೂ ಇಲ್ಲ. ಎಷ್ಟು ಡಾಲರು ಎಣಿಸಿದರೂ ಮಕ್ತಕ್ ಅಲ್ಲಿ ಸಿಗುವುದಿಲ್ಲ. ಮೂಲನಿವಾಸಿಗಳು ತಮ್ಮ ಊಟಕ್ಕಾಗಿ ಬೇಟೆಯಾಡಿದ ತಿಮಿಂಗಿಲದ ಮಾಂಸವನ್ನು ಮಾರುವಂತಿಲ್ಲ ಎಂದು ಅಮೆರಿಕದ ಕಾನೂನೇ ಹೇಳುತ್ತದೆ. ಮೂಳೆಯಲ್ಲಿ ಕೆತ್ತಿದ ಕರಕುಶಲ ವಸ್ತುಗಳಿಗೆ ಮಾತ್ರ ವಿನಾಯಿತಿ. ಕಾನೂನು ಬರುವ ಮೊದಲೂ ರೂಢಿ ಇದ್ದದ್ದು ಹಂಚಿಕೊಂಡು ತಿನ್ನುವುದೇ.

ಏಪ್ರಿಲ್, ಮೇ ತಿಂಗಳಲ್ಲಿ ಸಮುದ್ರದ ಮಂಜುಗಡ್ಡೆ ಬಿರಿದು ನೀರಿನ ಕಾಲುವೆಗಳು ತೆರೆದುಕೊಂಡಾಗ ಬೋಹೆಡ್ ತಿಮಿಂಗಿಲಗಳು ಆ ದಾರಿಯಲ್ಲಿ ಉತ್ತರಕ್ಕೆ ಸಾಗುತ್ತವೆ. ಗಡ್ಡದ ಸೀಲ್ ಎಂಬ ಪ್ರಾಣಿಯ ಚರ್ಮ ಬಿಗಿದು ಮಾಡಿದ ಉಮಿಯಾಕ್ ದೋಣಿಗಳಲ್ಲಿ ಬೇಟೆಗಾರರು ಮಂಜಿನ ಅಂಚಿನಲ್ಲಿ ದಿನಗಟ್ಟಲೆ ಕಾಯುತ್ತಾರೆ. ಒಂದು ತಿಮಿಂಗಿಲ ಸಿಕ್ಕಿತೆಂದರೆ ಅದನ್ನು ಮಂಜಿನ ಮೇಲಕ್ಕೆ ಎಳೆಯಲು ಊರಿಗೆ ಊರೇ ಹಗ್ಗ ಹಿಡಿಯಬೇಕು. ಪಾಲು ಹಾಕಲು ಕಟ್ಟುನಿಟ್ಟಿನ ಕ್ರಮವಿದೆ. ಹಿಡಿದ ದೋಣಿಗೆ ಇಷ್ಟು, ನೆರವಾದ ದೋಣಿಗಳಿಗೆ ಇಷ್ಟು, ಮುದುಕರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ ಇಷ್ಟು. ನಾಯಕನ ಮನೆಯವರು ಬಾಗಿಲು ತೆರೆದಿಟ್ಟು ಬಂದವರಿಗೆಲ್ಲ ಬಡಿಸುತ್ತಾರೆ. ಜೂನ್ ತಿಂಗಳಲ್ಲಿ ನಲುಕತಾಕ್ ಹಬ್ಬ. ಸೂರ್ಯ ಮುಳುಗದ ಆ ದಿನಗಳಲ್ಲಿ ಬಯಲಿನಲ್ಲಿ ಸಾಲಾಗಿ ಕುಳಿತವರ ಎದುರು ಮಕ್ತಕ್, ಹುದುಗಿಸಿದ ಮಾಂಸ, ಬಾತುಕೋಳಿಯ ಸಾರು ಬರುತ್ತಲೇ ಇರುತ್ತವೆ. ಪ್ರತಿಯೊಬ್ಬರೂ ತಿಂದು ಉಳಿದದ್ದನ್ನು ಚೀಲ ತುಂಬಿ ಮನೆಗೆ ಒಯ್ಯುವುದೂ ಮರ್ಯಾದೆಯೇ. ಪ್ರವಾಸಿಗೂ ಒಂದು ತುಂಡು ಸಿಗುತ್ತದೆ, ಆದರೆ ಕೊಟ್ಟರೆ ಮಾತ್ರ.

ಈ ಹಂಚಿಕೆ 1977ರಲ್ಲಿ ನಿಂತೇಹೋಗುವ ಹಂತಕ್ಕೆ ಬಂದಿತ್ತು. ಬೋಹೆಡ್ ತಿಮಿಂಗಿಲಗಳ ಸಂತತಿ ಅಳಿಯುತ್ತಿದೆ, ಬೇಟೆ ಪೂರ್ತಿ ನಿಲ್ಲಲಿ ಎಂದು ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ ಆ ವರ್ಷ ತೀರ್ಮಾನಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಎಣ್ಣೆಗೂ ಹೆಂಗಸರ ಉಡುಪಿನ ಕಡ್ಡಿಗೂ ತಿಮಿಂಗಿಲಗಳನ್ನು ಸಾವಿರಗಟ್ಟಲೆ ಕೊಂದವರು ಅಮೆರಿಕದ ಪೂರ್ವ ತೀರದಿಂದ ಬಂದ ಹಡಗಿನವರು. ಹೊಟ್ಟೆಯ ಮೇಲೆ ಬರೆ ಬಿದ್ದದ್ದು ಇನ್ಯುಪಿಯಾಟರಿಗೆ. ಅವರು ಗಲಾಟೆಗಿಂತ ಹೆಚ್ಚಾಗಿ ಒಂದು ವಾದ ಮುಂದಿಟ್ಟರು: ನಿಮ್ಮ ಎಣಿಕೆಯೇ ತಪ್ಪು. ವಿಜ್ಞಾನಿಗಳು ಮಂಜಿನ ಅಂಚಿನಲ್ಲಿ ನಿಂತು, ತೆರೆದ ನೀರಿನಲ್ಲಿ ಕಣ್ಣಿಗೆ ಕಂಡ ತಿಮಿಂಗಿಲಗಳನ್ನಷ್ಟೇ ಲೆಕ್ಕ ಹಾಕುತ್ತಿದ್ದರು. ತಿಮಿಂಗಿಲ ಮಂಜಿಗೆ ಹೆದರುವುದಿಲ್ಲ, ಅದು ಮಂಜಿನ ಅಡಿಯಲ್ಲೂ ಈಜುತ್ತದೆ, ತಲೆಯಿಂದ ಮಂಜು ಒಡೆದು ಉಸಿರಾಡುತ್ತದೆ ಎಂದರು ಬೇಟೆಗಾರರು.

ಇದನ್ನು ಪರೀಕ್ಷಿಸೋಣ ಎಂದು ಹೊರಟ ವಿಜ್ಞಾನಿಗಳ ದೊಡ್ಡಗುಣವನ್ನೂ ಮೆಚ್ಚಬೇಕು. ನೀರಿನೊಳಗೆ ಧ್ವನಿಗ್ರಾಹಕಗಳನ್ನು ಇಳಿಬಿಟ್ಟು, ಕಾಣದ ತಿಮಿಂಗಿಲಗಳ ಕೂಗನ್ನು ಆಲಿಸಿ ಲೆಕ್ಕ ಮಾಡಿದರು. ಬೇಟೆಗಾರರ ಮಾತು ನಿಜವಾಯಿತು! ಅಲಾಸ್ಕಾದ ತಿಮಿಂಗಿಲ ಬೇಟೆಗಾರರು 1977ರಲ್ಲೇ ತಮ್ಮದೊಂದು ಆಯೋಗ ಕಟ್ಟಿಕೊಂಡಿದ್ದರು; ಇಷ್ಟೇ ಹಿಡಿಯಬೇಕೆಂಬ ಮಿತಿಯನ್ನು ಅವರೂ ಒಪ್ಪಿಕೊಂಡರು, ಇಂದಿಗೂ ಪಾಲಿಸುತ್ತಿದ್ದಾರೆ. 2011ರ ಎಣಿಕೆಯ ಪ್ರಕಾರ ಆ ಸಮುದ್ರದ ಬೋಹೆಡ್‌ಗಳ ಸಂಖ್ಯೆ ಹದಿನಾರು ಸಾವಿರಕ್ಕೂ ಹೆಚ್ಚು. 2007ರಲ್ಲಿ ಇದೇ ಊರಿನ ಬಳಿ ಸಿಕ್ಕ ಒಂದು ತಿಮಿಂಗಿಲದ ಭುಜದೊಳಗೆ ಹಳೆಯ ಕಾಲದ ಸಿಡಿಮದ್ದಿನ ಈಟಿಯ ತುಂಡೊಂದಿತ್ತು. ಅದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಯಾರಾದದ್ದು. ನೂರಕ್ಕೂ ಹೆಚ್ಚು ವರ್ಷ ಆ ಪ್ರಾಣಿ ಅದನ್ನು ಹೊತ್ತುಕೊಂಡೇ ಈಜಿತ್ತು.

ಜಪಾನಿನ ಹೆಸರು ಈ ಊರಿನ ಚರಿತ್ರೆಯಲ್ಲಿ ಸುಶಿಗಿಂತ ಕಹಿಯಾಗಿ ಬರುವುದು 2002ರಲ್ಲಿ. ತಿಮಿಂಗಿಲ ಆಯೋಗದ ಸಭೆ ಆ ಮೇ ತಿಂಗಳಲ್ಲಿ ಜಪಾನಿನ ಶಿಮೊನೊಸೆಕಿಯಲ್ಲಿ ನಡೆಯಿತು. ತನ್ನ ನಾಲ್ಕು ಕರಾವಳಿ ಊರುಗಳಿಗೆ 50 ಮಿಂಕೆ ತಿಮಿಂಗಿಲ ಹಿಡಿಯಲು ಅನುಮತಿ ಬೇಕೆಂದು ಜಪಾನ್ ಕೇಳಿತು, ಸಿಗಲಿಲ್ಲ. ಅಮೆರಿಕದ ಮೂಲನಿವಾಸಿಗಳಿಗೆ ಒಂದು ನ್ಯಾಯ, ನಮ್ಮ ಮೀನುಗಾರರಿಗೆ ಇನ್ನೊಂದೇ ಎಂದು ಸಿಟ್ಟಾದ ಜಪಾನ್ ಮತ್ತು ಅದರ ಮಿತ್ರರು ಅಲಾಸ್ಕಾದ ಪಾಲಿಗೆ ವಿರುದ್ಧವಾಗಿ ಮತ ಹಾಕಿದರು. ಬೇಕಾದ ನಾಲ್ಕನೇ ಮೂರರಷ್ಟು ಬಹುಮತ ಸಿಗದೆ ಇನ್ಯುಪಿಯಾಟರ ಬೇಟೆಯ ಪಾಲು ಬಿದ್ದುಹೋಯಿತು. ದೊಡ್ಡ ದೇಶಗಳ ಜಗಳದಲ್ಲಿ ಪುಟ್ಟ ಊರಿನ ತಟ್ಟೆ ಮಗುಚಿತು. ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಿಶೇಷ ಸಭೆ ಸೇರಿ ಪಾಲನ್ನು ಮರಳಿ ಕೊಟ್ಟಿತೆನ್ನಿ. ಆದರೂ ಐದು ತಿಂಗಳ ಆತಂಕ ಸಣ್ಣದಲ್ಲ. ಜಪಾನ್ ಆ ಆಯೋಗದಿಂದಲೇ 2019ರಲ್ಲಿ ಹೊರನಡೆಯಿತು.

ಹಾಗೆಂದು ಜಪಾನಿಗೂ ಈ ದಂಡೆಗೂ ಇರುವ ನಂಟು ಜಗಳದ್ದೊಂದೇ ಅಲ್ಲ. ಆ ಸಭೆಯಲ್ಲಿ ಜಪಾನ್ ಅನುಮತಿ ಕೇಳಿದ ನಾಲ್ಕು ಊರುಗಳಲ್ಲಿ ಅಯುಕಾವಾ ಒಂದು. ಅದು 2005ರಿಂದ ಇಶಿನೊಮಾಕಿ ಎಂಬ ನಗರಕ್ಕೆ ಸೇರಿದೆ. ಅದೇ ಇಶಿನೊಮಾಕಿಯಲ್ಲಿ 1868ರಲ್ಲಿ ಹುಟ್ಟಿದ ಯಸುದಾ ಕ್ಯೋಸುಕೆ ಎಂಬ ಹುಡುಗ ಹಡಗು ಹತ್ತಿ ಅಮೆರಿಕಕ್ಕೆ ಬಂದ. ‘ಬೇರ್’ ಎಂಬ ಸರಕಾರಿ ಹಡಗಿನಲ್ಲಿ ಕೆಲಸಕ್ಕೆ ಸೇರಿ ಬ್ಯಾರೋ ತಲುಪಿ ಅಲ್ಲೇ ಇಳಿದುಕೊಂಡ. ಚಾರ್ಲ್ಸ್ ಬ್ರೋವರ್ ನಡೆಸುತ್ತಿದ್ದ ತಿಮಿಂಗಿಲ ಠಾಣ್ಯದಲ್ಲಿ ದುಡಿದ. ಊರವರ ಭಾಷೆ ಕಲಿತು, ನೆವೆಲೊ ಎಂಬ ಇನ್ಯುಪಿಯಾಟ್ ಹೆಣ್ಣನ್ನು ಮದುವೆಯಾದ. ಎಲ್ಲರ ಬಾಯಲ್ಲೂ ಫ್ರಾಂಕ್ ಯಸುದಾ ಆದ.

ತಿಮಿಂಗಿಲಗಳು ಕಡಿಮೆಯಾಗಿ, ಹೊರಗಿನವರು ತಂದ ದಡಾರದಂಥ ರೋಗಗಳಿಂದ ಜನ ಸಾಯುತ್ತಿದ್ದ ಕಾಲ ಅದು. ಯಸುದಾ ಚಿನ್ನ ಹುಡುಕುವವರ ಜತೆ ದಕ್ಷಿಣಕ್ಕೆ ಹೋಗಿ, ಚಾಂಡಲಾರ್ ಪ್ರದೇಶದಲ್ಲಿ ಚಿನ್ನದ ಜಾಡು ಹಿಡಿದ. ಆಮೇಲೆ ಹೆಂಡತಿಯ ಕಡೆಯ ಜನರಲ್ಲಿ ಒಂದಷ್ಟು ಕುಟುಂಬಗಳನ್ನು ಬ್ರೂಕ್ಸ್ ಪರ್ವತಗಳನ್ನು ದಾಟಿಸಿ ಯೂಕಾನ್ ನದಿಯ ದಡಕ್ಕೆ ಕರೆತಂದು, 1910ರ ಸುಮಾರಿಗೆ ಬೀವರ್ ಎಂಬ ಹೊಸ ಊರು ಕಟ್ಟಿದ. ಬದುಕಿನುದ್ದಕ್ಕೂ ತಾನು ಜತೆಗಿದ್ದ ಜನರಿಗೆ ಅವನು ಪರಕೀಯನಾಗಿರಲಿಲ್ಲ. ಸರಕಾರಕ್ಕೆ ಮಾತ್ರ ಆಗಿದ್ದ. ಎರಡನೆಯ ಮಹಾಯುದ್ಧದಲ್ಲಿ ಜಪಾನೀ ಮೂಲದವರನ್ನೆಲ್ಲ ಶಿಬಿರಗಳಲ್ಲಿ ಕೂಡಿಹಾಕಿದಾಗ ಎಪ್ಪತ್ತು ದಾಟಿದ ಈ ಮುದುಕನನ್ನೂ ಹೆಂಡತಿ ಮಕ್ಕಳಿಂದ ಬಿಡಿಸಿ ಕರೆದೊಯ್ದರು. ಮರಳಿದ್ದು 1946ರಲ್ಲಿ. 1958ರಲ್ಲಿ ಬೀವರ್‌ನಲ್ಲೇ ತೀರಿಕೊಂಡ. ಜಪಾನಿನಲ್ಲಿ ಅವನ ಮೇಲೆ ನಿತ್ತಾ ಜಿರೋ ಬರೆದ ಕಾದಂಬರಿ 1974ರಲ್ಲಿ ಬಂತು, ಆಮೇಲೆ ಅದು ಸಿನಿಮಾ ಕೂಡ ಆಯಿತು. ಆ ದಂಡೆಯಲ್ಲಿ ಸುಶಿ ಬಡಿಸುವುದಕ್ಕೆ ಎಷ್ಟೋ ದಶಕ ಮೊದಲೇ ಒಬ್ಬ ಜಪಾನೀಯ ಅಲ್ಲಿಯ ಮಕ್ತಕ್ ತಿಂದುಕೊಂಡು ಬದುಕಿದ್ದ.

ಈ ಊರಿಗೆ ದೂರದ ಅಡುಗೆ ಹೊಸದೂ ಅಲ್ಲ. 1978ರಲ್ಲಿ ಫ್ರಾನ್ ಟೇಟ್ ಎಂಬ ಮಹಿಳೆ ಇಲ್ಲಿ ಮೆಕ್ಸಿಕೋ ಶೈಲಿಯ ಹೋಟೆಲು ತೆರೆದು ಅಮೆರಿಕದ ಟಿ.ವಿ. ಕಾರ್ಯಕ್ರಮಗಳಲ್ಲೆಲ್ಲ ಹೆಸರಾಗಿದ್ದರು. 2013ರ ಆಗಸ್ಟಿನಲ್ಲಿ ಬಿದ್ದ ಬೆಂಕಿಯಲ್ಲಿ ಪಕ್ಕದ ವಸತಿಗೃಹದ ಜತೆ ಆ ಹೋಟೆಲೂ ಮುಗಿಯಿತು.

ಈಗಿನ ಚಿಂತೆ ಬೆಂಕಿಯದಲ್ಲ, ಬಿಸಿಯದು. ಹೆಪ್ಪುಗಟ್ಟಿದ ಮಣ್ಣಿನಲ್ಲಿ ಬಾವಿಯಂತೆ ಕೊರೆದ ಸಿಗ್ಲುವಾಕ್ ಎಂಬ ನೆಲಮಾಳಿಗೆಗಳಲ್ಲಿ ಮನೆತನಗಳು ತಲೆಮಾರುಗಳಿಂದ ತಿಮಿಂಗಿಲದ ಮಾಂಸ ಕೂಡಿಡುತ್ತಾ ಬಂದಿವೆ. ವಿದ್ಯುತ್ತು ಬೇಡ, ಬಿಲ್ಲಿಲ್ಲ. ಮಣ್ಣು ಬೆಚ್ಚಗಾಗುತ್ತಿರುವುದರಿಂದ ಕೆಲವು ನೆಲಮಾಳಿಗೆಗಳಿಗೆ ನೀರು ನುಗ್ಗಿ, ಮಾಂಸ ಕೆಟ್ಟು, ಅವನ್ನು ಬಿಟ್ಟುಬಿಡಬೇಕಾಗಿದೆ. ಸುಶಿಯ ಮೀನಿಗೆ ವಿದ್ಯುತ್ ಪೆಟ್ಟಿಗೆ ಸಾಕು. ಒಂದಿಡೀ ತಿಮಿಂಗಿಲಕ್ಕೆ ಸಾಕಾಗುವ ಪೆಟ್ಟಿಗೆ ಯಾವ ಮನೆಯಲ್ಲಿದೆ? ಶರತ್ಕಾಲದಲ್ಲಿ ಮಂಜುಗಡ್ಡೆ ತಡವಾಗಿ ಕಟ್ಟುವುದರಿಂದ ಬಿರುಗಾಳಿಯ ಅಲೆಗಳಿಗೆ ಅಡ್ಡಿಯಿಲ್ಲದೆ ದಂಡೆಯೂ ಕೊಚ್ಚಿಹೋಗುತ್ತಿದೆ. ದಂಡೆಯ ರಸ್ತೆಯನ್ನು ಉಳಿಸಿಕೊಳ್ಳಲು ವರ್ಷವರ್ಷವೂ ಮಣ್ಣು ಒಟ್ಟುವುದೇ ಒಂದು ಕೆಲಸ.

ಬೇಸಿಗೆಯ ಕೊನೆಗೆ ಸರಕಿನ ದೋಣಿ ಬಂದಾಗ ಅದರಿಂದ ಇಳಿಯುವುದರಲ್ಲಿ ಅಕ್ಕಿಯ ಮೂಟೆ, ಎಣ್ಣೆಯ ಪೀಪಾಯಿ, ಮೋಟಾರು ದೋಣಿಯ ಬಿಡಿಭಾಗಗಳಿರುತ್ತವೆ. ಕಪ್ಪು ಸೋಯಾ ರಸದ ಸೀಸೆಗಳಿಗೆ ಎರಡು ಕಡೆ ಗಿರಾಕಿ. ಹೋಟೆಲಿನಲ್ಲಿ ಅದು ಸುಶಿಯ ಪಕ್ಕದ ಪುಟ್ಟ ಬಟ್ಟಲಿಗೆ ಬೀಳುತ್ತದೆ. ಊರಿನ ಮನೆಗಳಲ್ಲಿ ಮಕ್ತಕ್ ತುಂಡುಗಳನ್ನು ತಟ್ಟೆಯಲ್ಲಿ ಹರಡಿ, ಉಪ್ಪಿನ ಜತೆಗೋ ಇದೇ ಸೋಯಾ ರಸದಲ್ಲಿ ಅದ್ದಿಯೋ ತಿನ್ನುತ್ತಾರೆ.